ಜೈಬಾಳ ಬುರ್ಖಾದಲ್ಲಿ ಬೆಟ್ಟ ಹತ್ತಿದ್ದು

ಮೇ 30, ಶುಕ್ರವಾರ

ಗೌಡಗೆರೆ ಬಸ್ ಇವತ್ತೂ ಲೇಟ್. ಸಿರಾ ಮುಟ್ಟುವಷ್ಟರಲ್ಲಿ ಕಾಸ್ಟಿಂಗ್ ಕ್ಲಾಸ್ ಅರ್ಧ ಮುಗಿದಿತ್ತು. ಹೋಗಲಿ, ಇನ್ನು ಕ್ಲಾಸೇ ಇಲ್ಲ. ಜೂನ್ ಒಂಬತ್ತಕ್ಕೆ ಎಕ್ಸಾಮ್ ಶುರು, ಆಮೇಲೆ ಬಿ.ಕಾಂ. ಖತಂ.

ಕಾಲೇಜು ಮುಗಿಯುವ ಮುಂಚೆ ಏನೇನು ಮಜಾ ಮಾಡಬೇಕು ಅಂತ ವರ್ಷವಿಡೀ ಹೇಳಿಕೊಂಡಿದ್ದೆವು. ಎಲ್ಲರೂ ಸೀರೆ ಉಟ್ಟಿದ್ದಾಯಿತು. ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಂಡು ಬೈಸಿಕೊಂಡದ್ದೂ ಆಯಿತು. ಉಳಿದದ್ದು ಮಧುಗಿರಿ ಬೆಟ್ಟ. ನಮ್ಮ ಕ್ಲಾಸಿನ ಅಶ್ವಿನಿ, ಕಿರಣ್ ಭಾನುವಾರ ಹೊರಟಿದ್ದಾರೆ. ನನಗೇ ತೊಡಕು — ಮಧುಗಿರಿ ಬಸ್ಸಿನ ಕಂಡಕ್ಟರ್ ನಮ್ಮ ಶಂಕರಲಿಂಗಪ್ಪ ಚಿಕ್ಕಪ್ಪ! ನಾನು ಇಳಿಯುವ ಮೊದಲೇ ಅಪ್ಪನಿಗೆ ಫೋನ್ ಹೋಗಿರುತ್ತೆ.

“ನನ್ ಬುರ್ಖಾ ಹಾಕ್ಕೊಂಡ್ ಹೋಗೇ,” ಅಂದಳು ಜೈಬಾ. ಭಾನುವಾರ ಅವರ ಮನೆಯವರೆಲ್ಲ ಹಿಂದೂಪುರಕ್ಕೆ ಮದುವೆಗೆ ಹೋಗುತ್ತಾರಂತೆ. ಓದಬೇಕು ಅಂತ ಅವಳೊಬ್ಬಳೇ ಉಳಿಯುತ್ತಾಳೆ.

“ನೀನೂ ಬಾರೇ.”

“ನಾನಾ? ಅವ್ರೂ ಮಧುಗಿರಿ ಮೇಲೇ ಹೋಗೋದು, ಭೈಯ್ಯಾ ನನ್ ನಡಿಗೇಲೇ ಗುರ್ತು ಹಿಡೀತಾನೆ. ನಿಂಗಾದ್ರೆ ಬುರ್ಖಾ ಸಾಕು.”

ಮನೆಯಲ್ಲಿ ಹೇಳಿಬಿಟ್ಟೆ — ಜೈಬಾ ಮನೆಯಲ್ಲಿ ಕಂಬೈನ್ಡ್ ಸ್ಟಡಿ ಅಂತ.

ಜೂನ್ 1, ಭಾನುವಾರ, ಸಂಜೆ

ಹತ್ತಿ ಬಂದೆ! ಕಾಲು ಸತ್ತು ಹೋಗಿದೆ.

ಬಸ್ಸಿನಲ್ಲೇ ಜೀವ ಬಾಯಿಗೆ ಬಂದಿತ್ತು. ಚಿಕ್ಕಪ್ಪ ಎದುರಿಗೇ ಬಂದು ನಿಂತರು. “ಆಧಾರ್ ತೋರ್ಸಮ್ಮ, ಫ್ರೀ ಟಿಕೆಟ್ ಕೊಡ್ತೀನಿ.” ಆಧಾರ್ ತೋರಿಸಿದರೆ ಮುಗಿಯಿತು! ಮಾತಾಡದೆ ನೋಟು ಚಾಚಿದೆ. “ಫ್ರೀ ಅಂದ್ರೂ ದುಡ್ಡು ಕೊಡ್ತಾಳಲ್ಲಪ್ಪೋ,” ಅಂತ ಇಡೀ ಬಸ್ಸಿಗೆ ಸಾರಿದರು. ಹಿಂದಿನ ಸೀಟಿನಲ್ಲಿ ಅಶ್ವಿನಿ ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದಳು.

ಬೆಟ್ಟದ ಅರ್ಧಕ್ಕೆ ಬರೀ ಬಂಡೆ. ಹಿಡಿಯಲು ಒಂದು ಕಂಬಿ, ಅಷ್ಟೇ. ಊರಿನವರು ಯಾರಾದರೂ ಸಿಕ್ಕಾರು ಅಂತ ಬುರ್ಖಾ ತೆಗೆದಿರಲಿಲ್ಲ, ಅದೇ ಕಾಲಿಗೆ ಸಿಕ್ಕಿತು, ಕೂತುಬಿಟ್ಟೆ. ಮೇಲಕ್ಕೂ ಆಗದು, ಕೆಳಕ್ಕೂ ಆಗದು. ಕಿರಣ್ ಪಾವಗಡದ ತಿರುಮಣಿಯವನು, ಗಾಬರಿಯಾದರೆ ತೆಲುಗೇ ಬರುತ್ತೆ. “ಏಮೀ ಕಾದು, ಏನೂ ಆಗಲ್ಲ, ಕೈ ಕೊಡು. ಕೆಳಗೆ ನೋಡ್ಬೇಡ.” ಕೊಟ್ಟೆ. ತುದಿಗೆ ಹೋದ ಮೇಲೆ ಮೂವರೂ ಸುಮ್ಮನೆ ಕಿರುಚಿದೆವು. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಬುರ್ಖಾ ಮಡಚಿ ಜೈಬಾ ಕೈಗೇ ಕೊಟ್ಟು ಊರಿಗೆ ಬಂದೆ.

ಜೂನ್ 3, ಮಂಗಳವಾರ

ಯಾರೋ ಕೆಳಗಿನಿಂದ ಫೋಟೊ ತೆಗೆದಿದ್ದಾರೆ. ಬುರ್ಖಾ ಹುಡುಗಿಯ ಬೆನ್ನು, ಕೈ ಹಿಡಿದು ಎಳೆಯುವ ಹುಡುಗ, ಅವನ ಮುಖ ಸ್ಪಷ್ಟ. ಕೆಳಗೆ ಬರೆದಿರುವುದನ್ನು ಇಲ್ಲಿ ಬರೆಯಲಾರೆ. ಎಲ್ಲ ಗ್ರೂಪಿನಲ್ಲೂ ಅದೇ.

ಬುರ್ಖಾ ತೋಳಿನ ನೀಲಿ ಕಸೂತಿ ಹೂವು ಕಾಣುತ್ತೆ. ಜೈಬಾಳ ಅಮ್ಮಿ ಅಮೀನಾಬಿ ಕೈಯಾರೆ ಹಾಕಿದ್ದು. ಅವಳಣ್ಣ ಕಲೀಮುಲ್ಲಾ ನೋಡಿದ ತಕ್ಷಣ ಗುರುತು ಹಿಡಿದನಂತೆ. ಹಾಲ್ ಟಿಕೆಟ್ ತಗೊಳ್ಳಲೂ ಜೈಬಾ ಕಾಲೇಜಿಗೆ ಬಂದಿಲ್ಲ. ಫೋನ್ ಸ್ವಿಚ್ ಆಫ್.

ಸಂಜೆ ಅಪ್ಪನ ಫೋನಿಗೂ ಬಂತು. ನೋಡಿದರು. “ನನ್ ಮಗಳಾಗಿದ್ರೆ ಅವತ್ತೇ ಕಾಲೇಜ್ ಬುಡುಸ್ಬುಡ್ತಿದ್ದೆ,” ಅಂದರು. ನಾನು ಪಕ್ಕದಲ್ಲೇ ಅವರೆಕಾಳು ಆರಿಸುತ್ತಿದ್ದೆ.

ಸುಮ್ಮನೆ ಹೇಳುವವರಲ್ಲ. ನನ್ನ ಸ್ವಂತ ಅಕ್ಕ ಲಕ್ಷ್ಮೀದೇವಿಯನ್ನು ಸೆಕೆಂಡ್ ಇಯರ್‌ಗೇ ಬಿಡಿಸಿದ್ದು ಯಾರದೋ ಒಂದು ಫೋನ್ ಕಾಲ್‌ಗೆ.

ಜೂನ್ 5, ಗುರುವಾರ

ಜೈಬಾ ಫೋನ್ ಮಾಡಿದಳು, ಅಮ್ಮಿಯ ಫೋನಿಂದ. ಪಿಸುಪಿಸು.

“ಎಕ್ಸಾಮ್‌ಗೆ ಕಳ್ಸಲ್ಲ ಅಂತಾನೆ ಭೈಯ್ಯಾ. ನಾನಲ್ಲ ಅಂದೆ. ಮತ್ತ್ಯಾರು ಅಂತಾನೆ.”

“ನನ್ ಹೆಸ್ರು ಹೇಳೇ.”

“ಹೇಳಲ್ಲ. ನಿಮ್ಮಪ್ಪ ನಂಗೊತ್ತಿಲ್ವಾ? ನೀನೂ ಹೇಳ್ಬೇಡ, ಕಸಮ್, ನನ್ ಆಣೆ...”

ಕಟ್ ಆಯಿತು. ಕಿರಣ್‌ನನ್ನು ಹುಡುಕಿಕೊಂಡು ಯಾರೋ ಹುಡುಗರು ಕಾಲೇಜಿಗೆ ಬಂದಿದ್ದರಂತೆ. ಅವನು ತಿರುಮಣಿಗೆ ಹೋಗಿ ಕೂತಿದ್ದಾನೆ.

ಹೇಳಿದರೆ ನಾನು ಹೋದೆ, ಹೇಳದಿದ್ದರೆ ಅವಳು. ಅಕೌಂಟ್ಸ್‌ನಲ್ಲಿ ಕ್ಲಾಸಿಗೇ ಫಸ್ಟ್ ಅವಳು...

ಜೂನ್ 7, ಶನಿವಾರ

ಬಕ್ರೀದ್. ಪ್ರತಿ ವರ್ಷ ಜೈಬಾ ಕರೆಯುತ್ತಿದ್ದಳು. ಈ ಸಲ ಕರೆಯದೆ ಹೋದೆ. ದಾರಿಯಲ್ಲಿ ಎರಡು ಸಲ ವಾಪಸ್ ತಿರುಗಿದ್ದೆ.

ಬಾಗಿಲಲ್ಲಿ ನಿಂತೇ ಹೇಳಿಬಿಟ್ಟೆ, ಅದು ನಾನು ಅಂತ. ಅಮೀನಾಬಿ ಗೋಡೆ ಹಿಡಿದು ಕೂತರು. “ಹೂವು ಹಾಕಿದ್ ನಾನೇ. ಬೇಟಿನ ನಾನೇ ಹಿಡ್ಕೊಟ್ಟಂಗಾಯ್ತಲ್ಲೇ,” ಅಂತ ಅತ್ತರು. ಅಳುತ್ತಲೇ ನನ್ನ ಕೈಗೆ ಶಾವಿಗೆ ಬಟ್ಟಲು ಕೊಟ್ಟರು. ಹಬ್ಬವಲ್ಲವಾ.

ಕಲೀಮುಲ್ಲಾ ಮುಖ ಎತ್ತಿ ನೋಡಲಿಲ್ಲ. ಕೂಗಾಡಲೂ ಇಲ್ಲ. “ಫ್ರೆಂಡ್‌ನ ಉಳ್ಸಕ್ಕೆ ನೀನು ಏನ್ ಬೇಕಾದ್ರೂ ಹೇಳ್ತೀಯ. ನಿಮ್ಮಪ್ಪ ಹೇಳ್ಲಿ, ಅದು ನನ್ ಮಗಳೇ ಅಂತ. ನಾಳೆ ಸಂಜೆ ಒಳ್ಗೆ ಅವ್ರೇ ಫೋನ್ ಮಾಡ್ಲಿ. ಸೋಮವಾರ ಜೈಬಾನ ನಾನೇ ಬೈಕಲ್ಲಿ ಎಕ್ಸಾಮ್‌ಗೆ ಬಿಡ್ತೀನಿ.”

ಒಳಕೋಣೆಯ ಬಾಗಿಲ ಹಿಂದೆ ಜೈಬಾ ಇದ್ದಳು. ಕಾಲ್ಗೆಜ್ಜೆ ಸದ್ದು ಕೇಳಿಸಿತು. ಆಚೆ ಬರಲು ಬಿಡಲಿಲ್ಲ.

ಜೂನ್ 8, ಭಾನುವಾರ

ಮಧ್ಯಾಹ್ನ. ಅಮ್ಮನಿಗೆ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡಳು. “ಬಾಯಿ ಮುಚ್ಕೊಂಡಿರು ಕಣಮ್ಮ. ಅವ್ರ್ ಮನೆ ಹುಡ್ಗಿ, ಅವ್ರ್ ಪಾಡು. ನಿನ್ನೂ ಮನೇಲಿ ಕೂರುಸ್ಬುಡ್ತಾರೆ. ಒಬ್ಳನ್ನ ನೋಡಿದ್ದೀನಿ, ಸಾಕು.”

ಅಮ್ಮ ಹೇಳಿದ್ದೇ ಸರಿ ಅನ್ನಿಸಿತು. ಸ್ವಲ್ಪ ಹೊತ್ತಲ್ಲ, ಬಹಳ ಹೊತ್ತು. ಪುಸ್ತಕ ತೆಗೆದು ಓದಲೂ ಕೂತೆ! ಥೂ ನನ್ನ ಜನ್ಮಕ್ಕೆ.

ಸಂಜೆ ಆರು. ಅಪ್ಪ ಹೊಲದಿಂದ ಬಂದರು. ಕೈಕಾಲು ತೊಳೆಯುತ್ತಿದ್ದಾರೆ. ಶೇಂಗಾ ಬಿತ್ತನೆಗೆ ನೆಲ ಹದವಾಗಿದೆ, ಒಳ್ಳೇ ಗುಂಗಿನಲ್ಲಿದ್ದಾರೆ. ಅದೇ ಇನ್ನೂ ಭಯ. ಈ ಗುಂಗು ಕೆಡಿಸುವವಳು ನಾನು.

ಊಟಕ್ಕೆ ಮುಂಚೆ ಹೇಳಿದರೆ ಊಟ ಬಿಡುತ್ತಾರೆ. ಆಮೇಲೆ ಅಂದರೆ ಹೊತ್ತು ಮುಳುಗಿರುತ್ತೆ.

ಕಲೀಮುಲ್ಲಾ ನಂಬರ್ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದೇನೆ. ಅಮ್ಮ ಬಾಗಿಲಿಗೆ ಅಡ್ಡ ನಿಂತು ಬೇಡ ಬೇಡ ಅಂತ ತಲೆ ಆಡಿಸುತ್ತಿದ್ದಾಳೆ. ಅಪ್ಪ ಆಚೆಯಿಂದ ಕೂಗುತ್ತಿದ್ದಾರೆ — “ಯಾಕ್ ಮಗಾ, ಮಂಕಾಗಿದ್ದೀಯ? ಎಕ್ಸಾಮ್ ಭಯಾನಾ? ಬಾ ಇಲ್ಲಿ.”

ಹೋಗುತ್ತೇನೆ. ಅಲ್ಲಿ ನಾಲಿಗೆ ತೊದಲಬಾರದು ಅಂತ ಹೇಳಬೇಕಾದ ಮಾತನ್ನು ಒಂದು ಸಲ ಇಲ್ಲಿ ಬರೆದುಕೊಳ್ಳುತ್ತೇನೆ — ಅಪ್ಪ, ಆ ಫೋಟೊದಲ್ಲಿ ಇರೋದು ನಾನೇ.