ಹಸಿರು ಫ್ಲಾಸ್ಕಿನ ಸಾಲು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮೊಂಡು ಮಗಳೇ,

ಹೇಗಿದ್ದೀಯೆ? ಬೆನ್ನುನೋವು ಹೇಗಿದೆ? ಜೈಲಿನ ನೆಲದ ಮೇಲೆ ಮಲಗಿದರೆ ಅದು ಹೆಚ್ಚುತ್ತದೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ, ತಾಯಿಯಾದವಳು ಇನ್ನೇನು ಕೇಳಬೇಕು? ಕಳಿಸಿದ ಹೊದಿಕೆ ನಿನ್ನ ಕೈಗೆ ಬಂತೋ, ಇಲ್ಲ ಗೇಟಿನಲ್ಲಿರುವವರ ಮೈ ಬೆಚ್ಚಗಿಡುತ್ತಿದೆಯೋ? ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಅಂಚೆಯಲ್ಲಿ ಬಂದದ್ದನ್ನು ಅಲ್ಲಿ ಒಡೆದು ಓದುತ್ತಾರಂತೆ, ಅದಕ್ಕೇ ಇದನ್ನು ನಿನ್ನ ವಕೀಲೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ಮೇಲೆ ಹರಿದುಬಿಡು.

ಗುರುವಾರ ನಿಮ್ಮ ಸಂಪಾದಕರು ಬಂದಿದ್ದರು. ಬಾಗಿಲಲ್ಲೇ ಗಂಟಲು ಸರಿಮಾಡಿಕೊಂಡು, 'ಪತ್ರಿಕೆ ನಿಮ್ಮ ಮಗಳ ಜೊತೆಗಿದೆ ಅಮ್ಮಾ' ಎಂದರು. ಇಲ್ಲವೆನ್ನಲಾರೆ. ಮೊದಲು ಮುಖಪುಟದಲ್ಲಿ ಜೊತೆಗಿತ್ತು, ಆಮೇಲೆ ಒಳಪುಟದಲ್ಲಿ, ಈಗ ಹವಾಮಾನದ ಪಕ್ಕ ಬೆರಳಗಲ ಜಾಗದಲ್ಲಿದೆ. ಊರಿನ ಕುಡಿಯುವ ನೀರಿನಲ್ಲಿ ಸೀಸವಿದೆ, ಪರೀಕ್ಷೆ ಮಾಡಿದ ಇಲಾಖೆಯೇ ಅದನ್ನು ಮುಚ್ಚಿಟ್ಟಿದೆ ಎಂದು ನೀನು ಬರೆದೆ. ಈಗ ನೀರಿನ ಮಾತು ಯಾರಿಗೂ ಬೇಡ. ನಿನಗೆ ಹೇಳಿದವರು ಯಾರು ಎನ್ನುವುದೊಂದೇ ಎಲ್ಲರ ಪ್ರಶ್ನೆ. ಕಳ್ಳನನ್ನು ಬಿಟ್ಟು ಕೂಗಿದವನನ್ನು ಹಿಡಿದ ಹಾಗಾಯಿತು. ನಲ್ಲಿಯಲ್ಲಿ ಅದೇ ನೀರು ಬರುತ್ತಿದೆ.

ನ್ಯಾಯಾಧೀಶರು 'ಹೆಸರು ಹೇಳಿ, ಇವತ್ತೇ ಮನೆಗೆ ಹೋಗಿ' ಎಂದಾಗ ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಅಂಥ ಹೆಸರು ಮುಚ್ಚಿಡುವ ಹಕ್ಕನ್ನು ಯಾವ ಕಾನೂನೂ ಪತ್ರಕರ್ತರಿಗೆ ಕೊಟ್ಟಿಲ್ಲವೆಂದು ನಿನ್ನ ವಕೀಲೆ ಮೊದಲೇ ಹೇಳಿದ್ದಳು. ನೀನು 'ಮಾತು ಕೊಟ್ಟಿದೀನಿ' ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ. ಎದ್ದು ಬಂದು ಕಿವಿ ಹಿಂಡೋಣ ಅನ್ನಿಸಿತು. ನಾನೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರ ಮಾತಿಗೆಲ್ಲ ತಂತಿ ಜೋಡಿಸಿದವಳು. ಯಾರ ಮದುವೆ ಮುರಿಯಿತು, ಯಾವ ಸಾಹುಕಾರ ಯಾರ ಕಾಲು ಹಿಡಿದ, ಎಲ್ಲ ಕಿವಿಗೆ ಬೀಳುತ್ತಿತ್ತು. ಒಂದೂ ಬಾಯಿಗೆ ಬರಲಿಲ್ಲ. ಆದರೆ ಅದಕ್ಕಾಗಿ ನನ್ನನ್ನು ಯಾರೂ ಜೈಲಿಗೆ ಹಾಕಲಿಲ್ಲವಲ್ಲ. ಕೊಟ್ಟ ಮಾತು ದೊಡ್ಡದು, ಒಪ್ಪಿದೆ. ಹೆತ್ತವಳಿಗೆ ಮಗಳೇನು ಚಿಕ್ಕವಳೇ? ಇನ್ನು ಸಾಕು, ಹೇಳಿಬಿಟ್ಟು ಬಾ ಎನ್ನುವುದಕ್ಕೇ ಈ ಪತ್ರ.

ಬೆಳಿಗ್ಗೆ ನಿನ್ನ ವರದಿಯನ್ನು ಮತ್ತೆ ಓದಿದೆ. 'ವಿಷಯ ತಿಳಿಸಿದ ನೌಕರರು ನಲ್ಲಿಯ ನೀರನ್ನು ಮುಟ್ಟುವುದಿಲ್ಲ. ಬಾವಿ ನೀರು ತುಂಬಿ ತಂದ ಹಸಿರು ಫ್ಲಾಸ್ಕು ಪ್ರಯೋಗಾಲಯದ ಅವರ ಮೇಜಿನ ಮೇಲಿರುತ್ತದೆ' ಎಂದು ಬರೆದಿದ್ದೀಯಲ್ಲ, ಆ ಸಾಲೆಂದರೆ ನನಗೆ ಪ್ರಾಣ. ಪಕ್ಕದ ಮನೆಯ ಟೈಲರಮ್ಮನಿಗೂ ಓದಿ ಹೇಳಿದೆ. 'ಆ ಮನುಷ್ಯ ಕಣ್ಣಿಗೆ ಕಟ್ತಾನೆ ನೋಡಿ' ಎಂದಳು. ಮಗಳು ಬರೆದದ್ದೆಂದು ನನಗೆ ಹೆಮ್ಮೆಯಾಯಿತು.

ನಿನ್ನ ಮಂಚಕ್ಕೆ ಹೊಸ ಹಾಸಿಗೆ ಹಾಕಿಸಿದ್ದೇನೆ, ಬೆನ್ನಿಗೆ ಒಳ್ಳೆಯದಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹಟ ನಿನ್ನನ್ನು ಕಾಯಲಿ, ಅದಕ್ಕಿಂತ ಹೆಚ್ಚಾಗಿ ದೇವರು ಕಾಯಲಿ.

ಇಂತಿ,
ದಾರಿ ನೋಡುತ್ತಿರುವ ನಿನ್ನ ಅಮ್ಮ

ತಾ.ಕ.: ವಕೀಲೆ ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಷ್ಟರಲ್ಲಿ ಒಬ್ಬ ಹೆಂಗಸು ಬಂದರು. ಚೀಲದಿಂದ ಒಂದು ಹಸಿರು ಫ್ಲಾಸ್ಕು ತೆಗೆದು ಮೇಜಿನ ಮೇಲಿಟ್ಟರು. ಅವರ ಗಂಡ ಹೋದ ವಾರ ಎದೆನೋವಿನಿಂದ ತೀರಿಕೊಂಡರಂತೆ. ನಿನ್ನ ವರದಿ ಬಂದ ದಿನವೇ ಪ್ರಯೋಗಾಲಯದಲ್ಲಿ ಎಲ್ಲರೂ ತಿರುಗಿ ಗಂಡನ ಮೇಜನ್ನು ನೋಡಿದರಂತೆ. ಆಮೇಲೆ ಗೋದಾಮಿನ ಮೂಲೆಗೆ ಹಾಕಿದರು, ದಿನವೂ ಕರೆದು ಕೂರಿಸಿ ಕೇಳಿದರು, ಜೊತೆಯವರು ಮಾತು ಬಿಟ್ಟರು. ಅವರು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಹೆಸರು ಮುಚ್ಚಿಟ್ಟು ಮನುಷ್ಯನನ್ನೇ ತೋರಿಸಿಬಿಟ್ಟೆಯಲ್ಲ ಮಗಳೇ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡವೆಂದು ಬರೆಯುತ್ತಿದ್ದೇನೆ.

'ಸತ್ತವರ ಹೆಸರು ಹೇಳಿದ್ರೆ ಏನಾಗುತ್ತೆ ಅಂತ ನಿಮ್ಮ ಮಗಳಿಗೆ ಅನ್ನಿಸಬಹುದು' ಎಂದರು ಆಕೆ. 'ಇಲಾಖೆಯವರ ಹತ್ರ ಇರೋದು ಅನುಮಾನ ಅಷ್ಟೇ. ಅವಳು ಬಾಯಿ ಬಿಟ್ರೆ ಅದೇ ಸಾಕ್ಷಿ. ಇಲಾಖೆಗೆ ದ್ರೋಹ ಮಾಡಿದವನ ಮನೆಯವರು ಅಂತ ನಮ್ಮನ್ನ ಬೀದಿಗೆ ಹಾಕ್ತಾರೆ.' ನಿನ್ನ ಮೇಲೆ ಒಂದು ಬಿರುಸು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮೇಲೆ ನಾನು ಬೇಡಿಕೊಂಡದ್ದನ್ನು ಮರೆತುಬಿಡು. ಹೇಳಬೇಡ. ಈಗ ಆ ಹೆಸರು ನನಗೂ ಗೊತ್ತು, ಇಲ್ಲಿಯೂ ಬರೆಯುವುದಿಲ್ಲ. ಮನೆ ಶೋಧಿಸಲು ಬಂದಾರೆಂಬ ಭಯಕ್ಕೆ ಆಕೆ ಫ್ಲಾಸ್ಕನ್ನು ಇಲ್ಲೇ ಬಿಟ್ಟುಹೋದರು, ನನ್ನ ಸೀರೆಗಳ ಅಡಿಯಲ್ಲಿಟ್ಟಿದ್ದೇನೆ. ನಿನ್ನ ಹೊಸ ಹಾಸಿಗೆಯನ್ನು ಸುತ್ತಿ ಅಟ್ಟದ ಮೇಲೆ ಹಾಕಿಸುತ್ತೇನೆ.