ಬೇಡವೆಂದ ಪಾಠ

ಶ್ರೀನಿವಾಸಪುರ
14-9-1986

ಪೂಜ್ಯ ವೆಂಕಟರತ್ನಮ್ಮ ಮೇಡಂ ಅವರಿಗೆ ನಮಸ್ಕಾರಗಳು.

ಕನ್ನಡ ಎಂ.ಎ. ಓದುವವರಿಗೆ ಕಂಪ್ಯೂಟರಿಗೆ ವ್ಯಾಕರಣದ ನಿಯಮಗಳಿಂದ ಭಾಷೆ ಕಲಿಸುವ ನಿಮ್ಮ ಶನಿವಾರದ ಕೃತಕ ಬುದ್ಧಿಯ ಪಾಠ ಬೇಡವೆಂದು ನಾವು ನಿಮಗೆ ಕೊಟ್ಟ ಅರ್ಜಿಯಲ್ಲಿ ನನ್ನ ಸಹಿಯೂ ಇದೆ. ಯಂತ್ರಕ್ಕೇ ಭಾಷೆ ಬಂದರೆ ನಮಗೆ ಕೆಲಸ ಸಿಗುವುದಿಲ್ಲವೆಂದು ಹೆದರಿದ್ದೆ.

ಸಹಿ ಹಾಕಿ ಹೊರಗೆ ಬಂದಾಗ ಸಹಪಾಠಿ ಕದಿರಪ್ಪ, "ವ್ಯಾಕರಣ ಉರು ಹೊಡೆದ್ರೆ ಕನ್ನಡ ಬಂದ್ಬಿಡ್ತದಾ? ತಾಯಿ ಬಾಯಿಂದ ಕಲೀಬೇಕು ಕಣ್ರೋ!" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ಮನೆಮಾತು ದಖ್ನಿ ಉರ್ದು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಉರು ಹೊಡೆದೇ ನಾನು ಕನ್ನಡ ಕಲಿತದ್ದು. ಕದಿರಪ್ಪ ಕೆಟ್ಟವನಲ್ಲ. ನಾನು ಪಕ್ಕದಲ್ಲಿರುವುದು ಅವನಿಗೆ ನೆನಪಿರಲಿಲ್ಲ, ಅಷ್ಟೆ. ಆದರೂ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆ ಪ್ರತ್ಯಯಗಳನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ.

ಯಂತ್ರಕ್ಕೆ ಭಾಷೆ ಬರುತ್ತದೋ ಇಲ್ಲವೋ ನಾನರಿಯೆ. ನಿಯಮಗಳಿಂದ ಕಲಿತವರು ಒಂದು ಭಾಷೆಯೊಳಗೆ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕಾಗುತ್ತದೆ ಎಂಬುದನ್ನು ಮಾತ್ರ ತಿಳಿಯಬೇಕೆನಿಸಿದೆ.

ದಯವಿಟ್ಟು ಅರ್ಜಿಯಿಂದ ನನ್ನ ಹೆಸರು ತೆಗೆಯಿರಿ. ಪಾಠಕ್ಕೆ ಬರಲು ನಮ್ಮ ಅಬ್ಬಾ (ತಂದೆ) ಒಪ್ಪಿದ್ದಾರೆ; ಸಂಜೆ ಐದರ ಬಸ್ಸಿಗೆ ಬಿಟ್ಟರೆ ಸಾಕು. ಶನಿವಾರ ನಾನೊಬ್ಬಳೇ ಬಂದರೂ ಪಾಠ ಮಾಡುತ್ತೀರಾ, ಮೇಡಂ?

ನಿಮ್ಮ ವಿದ್ಯಾರ್ಥಿನಿ,
ಖುರ್ಷಿದಾ ಬಾನು