ಪೀಚ್ ಹಣ್ಣಿಗೆ ಒಂದು ನಾಲಿಗೆ

ಮೇ 12, ಸೋಮವಾರ. ಬುದ್ಧ ಪೂರ್ಣಿಮೆ.

ಉಪ್ಪಿಟ್ಟು ಇವತ್ತೂ ಗಂಟು. ಯಶೋಧರಾ ತಟ್ಟೆ ಖಾಲಿ ಮಾಡಿದಳು. ಮದುವೆಯಾದ ಮೇಲೆ ನನ್ನ ಅಡುಗೆಯನ್ನು ಬೈಯದೆ ತಿಂದದ್ದು ಈ ಬೇಸಿಗೆಯಲ್ಲೇ. ಬೈದಿದ್ದರೇ ಚೆನ್ನಾಗಿತ್ತು.

ಮಾರ್ಚ್‌ನಲ್ಲಿ ಬಂದ ಜ್ವರ ಹೋಯಿತು. ಹೋಗುವಾಗ ಅವಳ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಸಿಹಿ, ಉಪ್ಪು, ಹುಳಿ ನಾಲಿಗೆಗೆ ಗೊತ್ತಾಗುತ್ತದೆ, ಅಷ್ಟೇ. ಏಲಕ್ಕಿ, ತುಪ್ಪ, ಸೀದ ಹಾಲು — ಎಲ್ಲವೂ ಅವಳಿಗೆ ಒಂದೇ. ಡಾಕ್ಟರು ಹೇಳಿದ್ದು: "ಬರಬಹುದು, ಬರದೆಯೂ ಇರಬಹುದು." ಇಷ್ಟು ಹೇಳಲು ಡಾಕ್ಟರೇ ಬೇಕಿತ್ತೆ?

ತರೀಕೆರೆಯಲ್ಲಿ ರವೆ ಉಂಡೆ, ಕೋಡುಬಳೆ ಎಂದರೆ ಇವಳ ಕೈಯದು. ನಾಮಕರಣ, ಗೃಹಪ್ರವೇಶ, ಏನಿದ್ದರೂ ಮೊದಲ ಫೋನ್ ನಮ್ಮ ಮನೆಗೆ. ಈಗ ಬಂದ ಆರ್ಡರ್ ಎಲ್ಲ ವಾಪಸ್. ಪೂರ್ಣಿಮೆಯ ಪಾಯಸವೂ ಇಲ್ಲ. ಬುದ್ಧನ ಫೋಟೊ ಮುಂದೆ ಎರಡು ಬಾಳೆಹಣ್ಣು ಇಟ್ಟು, ಒಲೆಯ ಕಡೆ ಬೆನ್ನು ಹಾಕಿ ಕೂತಳು. ನೋಡಲಾಗದೆ ಅಂಗಡಿಗೆ ಬಂದೆ. ಮೋಟಾರ್ ವೈಂಡಿಂಗ್‌ನವನಿಗೆ ಹಬ್ಬವೆಲ್ಲಿ... ಬೋರ್‌ವೆಲ್ ಮೋಟಾರ್‌ಗಳು ಸುಡುವ ಕಾಲ.

ಮೇ 20, ಮಂಗಳವಾರ

ಯಶೋಧರಾ ಒಲೆ ಹಚ್ಚಿದ್ದಾಳೆ! ಬೇಳೆ ಸಾರು. ತಳ ಹಿಡಿದಿತ್ತು. ಬಾಯಿಗಿಡುತ್ತಲೇ ಗೊತ್ತಾಯಿತು.

"ಹೆಂಗೈತೆ?"

"ಚೆನ್ನಾಗೈತೆ."

ಇನ್ನೇನು ಹೇಳಲಿ? ಎರಡು ಸಲ ಹಾಕಿಸಿಕೊಂಡೆ. ರಾತ್ರಿಯೆಲ್ಲ ಹೊಗೆಯ ತೇಗು.

ಮೇ 25, ಭಾನುವಾರ

ಮರ್ಯಾದೆ ಹೋಯಿತು.

ಮಧ್ಯಾಹ್ನ ಕೇಸರಿಬಾತ್. ದ್ರಾಕ್ಷಿ, ಗೋಡಂಬಿ, ಬಣ್ಣ ಎಲ್ಲ ಸರಿ. ಮೊದಲ ತುತ್ತಿಗೇ ಇಂಗು. ಒಂದು ಚಿಟಿಕೆಯಲ್ಲ, ಡಬ್ಬಿಯೇ ಕವುಚಿದ ಹಾಗೆ. ಪಾಪ, ಏಲಕ್ಕಿ ಪುಡಿ ಅಂದುಕೊಂಡು ಹಾಕಿದ್ದಾಳೆ ಎಂದುಕೊಂಡೆ. ಕಣ್ಣಲ್ಲಿ ನೀರು ಬಂದರೂ ನುಂಗಿದೆ.

"ಹೆಂಗೈತ್ರೀ?"

"ಚೆನ್ನಾಗೈತೆ ಕಣೇ. ಮೊದಲಿಗಿಂತ ಚೆನ್ನಾಗೈತೆ."

ಬಾಗಿಲ ಹತ್ತಿರ ಪಕ್ಕದ ಮನೆಯ ಅಲ್ಮಾಸ್ ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದಳು. ಯಶೋಧರಾ ನಗಲಿಲ್ಲ.

"ಬೇಕಂತ್ಲೇ ಹಾಕಿದ್ದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಕೆಂಚಪ್ಪನ ಮೋಟಾರು ಸುಟ್ಟೋಗೈತೆ ಅಂತ ಅವನ ಮುಖಕ್ಕೇ ಹೇಳ್ತೀರಿ. ನನಗ್ಯಾಕೆ ಹೇಳಲ್ಲ? ನಿಮ್ಮ ನಾಲಿಗೆ ನಂಬ್ಕೊಂಡು ನಾನು ಯಾರ ಮನೆಗೆ ಏನ್ ಮಾಡಿ ಕಳಿಸ್ಲಿ?"

ಸಂಜೆ ಯಶೋಧರಾ ಅಜ್ಜಂಪುರದ ತನ್ನ ತಂಗಿ ಸಂಘಮಿತ್ರಾಗೆ ಫೋನ್ ಮಾಡಿದಳು. ಕೊಪ್ಪರಿಗೆ, ಬಾಣಲೆ, ದೊಡ್ಡ ಪಾತ್ರೆಗಳನ್ನೆಲ್ಲ ಬಕ್ರೀದ್ ಕಳೆದ ಭಾನುವಾರ ಬಂದು ತೆಗೆದುಕೊಂಡು ಹೋಗು ಎಂದಳು. ಅವಳು ಮೆಸ್ ನಡೆಸುತ್ತಾಳೆ, ಬಳಸುತ್ತಾಳೆ.

ಅಂದರೆ... ಇನ್ನು ಮಾಡುವುದೇ ಇಲ್ಲ.

ಮೇ 28, ಬುಧವಾರ

ಅಲ್ಮಾಸ್ ಬುಟ್ಟಿ ತುಂಬ ಪೀಚ್ ಹಣ್ಣು ತಂದಳು. ಅವಳ ಅಣ್ಣ ಉಮರ್ ಫಾರೂಕ್‌ನದು ಬಸ್‌ಸ್ಟ್ಯಾಂಡಿನ ಹತ್ತಿರ ಹಣ್ಣಿನಂಗಡಿ. ಕಡೂರಿನಿಂದ ಬಾಕ್ಸ್ ತರಿಸಿದ್ದಾನೆ, ಇಲ್ಲಿ ಕೊಳ್ಳುವವರಿಲ್ಲ, ಮೆತ್ತಗಾಗುತ್ತಿವೆ. ಅಲ್ಮಾಸ್ ಫೋನಿನಲ್ಲಿ ವಿಡಿಯೋ ತೋರಿಸಿದಳು. ಪೀಚ್ ಕಾಬ್ಲರ್ ಅಂತೆ, ಹಣ್ಣು-ಹಿಟ್ಟು ಸೇರಿಸಿ ಬೇಯಿಸುವ ವಿಲಾಯ್ತಿ ಸಿಹಿ. ಬಕ್ರೀದ್ ಹಬ್ಬಕ್ಕೆ ಅದೇ ಆಗಬೇಕಂತೆ.

"ನೀವ್ ಹೇಳಿ ಕೊಡಿ ಯಶೋದಕ್ಕ, ಸಾಕು. ಒಬ್ಬಳ ಕೈಲಾಗಲ್ಲ."

ಚಾಲಾಕಿ ಹುಡುಗಿ! ಪಾತ್ರೆ ಕೊಟ್ಟುಬಿಡುವ ವಿಷಯ ಇವಳಿಗೆ ಗೊತ್ತಿದೆ.

ಓವನ್ ಇಲ್ಲ. ಕುಕ್ಕರ್‌ಗೆ ಮರಳು ಹಾಕಿ, ಒಳಗೆ ಪಾತ್ರೆ ಇಟ್ಟರು. ಕರಗಿದ ಬೆಣ್ಣೆ, ಅದರ ಮೇಲೆ ಮೈದಾ-ಹಾಲು-ಸಕ್ಕರೆಯ ಹಿಟ್ಟು, ಅದರ ಮೇಲೆ ಸಕ್ಕರೆಯಲ್ಲಿ ಕುದಿಸಿದ ಹಣ್ಣಿನ ಹೋಳು. ಆಮೇಲೆ ಕಲಸಲೇಬಾರದು. ಆದರೆ ವರ್ಷಗಟ್ಟಲೆ ಮೈಸೂರುಪಾಕು ತಿರುವಿದ ಕೈ ಸುಮ್ಮನಿರುತ್ತದೆಯೇ? "ಅಕ್ಕಾ, ಬೇಡ!" ಎಂದು ಅಲ್ಮಾಸ್ ಕಿರುಚುವಷ್ಟರಲ್ಲಿ ಸೌಟು ಎರಡು ಸುತ್ತು ಸುತ್ತಿತ್ತು.

ಮೇಲೆ ಗಂಜಿ, ಕೆಳಗೆ ಇದ್ದಿಲು. ಅಲ್ಮಾಸ್ ಹಾಲು ತರಲು ಹೋದಾಗ ಸೀದಿದೆ. ಬೀದಿಗೆಲ್ಲ ವಾಸನೆ ಬಂದಿದೆ. ಒಲೆಯ ಪಕ್ಕದಲ್ಲೇ ಕೂತಿದ್ದವಳಿಗೆ ಇಲ್ಲ.

ನಾನು ಬಂದಾಗ ಕುಕ್ಕರ್ ಉಜ್ಜುತ್ತಿದ್ದಳು. ಕೂಗಿ ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳದೆ ಉಜ್ಜುತ್ತಿದ್ದಳು.

ಜೂನ್ 1, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಅಲ್ಮಾಸಳ ಅಜ್ಜಿ ಚಾಂದ್ ಬಿ ತಾವೇ ಬಂದರು. ಕುಕ್ಕರ್ ನೋಡಿ ಮೂಗು ಮುರಿದರು. "ಬರೇ ಕೆಳಗ್ ಬೆಂಕಿ ಹಾಕಿದ್ರೆ ಸೀಯದೇ ಇನ್ನೇನಮ್ಮಾ? ಮೇಲೂ ಕೆಂಡ ಹಾಕ್ಬೇಕು. ದಮ್ ಕೊಡು." ಅವರ ಮನೆಯಿಂದ ದಪ್ಪ ತಳದ ಪಾತ್ರೆ ಬಂತು. ಹಿತ್ತಲಲ್ಲಿ ಮೂರು ಕಲ್ಲು, ಕೆಳಗೆ ಸ್ವಲ್ಪ ಕೆಂಡ, ಮುಚ್ಚಳದ ಮೇಲೆ ತುಂಬ ಕೆಂಡ.

ಆದರೆ ಒಳಗೆ ಏನಾಗುತ್ತಿದೆ ಎಂದು ಗೊತ್ತಾಗುವುದು ಹೇಗೆ? ಮುಚ್ಚಳ ತೆಗೆದರೆ ಒಳಗೆ ಕಟ್ಟಿದ ಹಬೆ, ಆ ದಮ್, ಹೋಯಿತು. "ವಾಸನೆ ಬಂದಾಗ ಇಳಿಸೋದು" ಎಂದುಬಿಟ್ಟರು ಅಜ್ಜಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಯಶೋಧರಾ ನನ್ನನ್ನೇ ನೋಡಿದಳು. "ರೀ, ಮೋಟಾರಿನ ಬೇರಿಂಗ್ ಹೋಗೈತಾ ಅಂತ ಹೆಂಗ್ ನೋಡ್ತೀರಿ ನೀವು?"

"ಸ್ಕ್ರೂಡ್ರೈವರ್ ಇಟ್ಟು ಕೇಳ್ತೀನಿ."

"ತನ್ನಿ."

ದೊಡ್ಡದನ್ನೇ ತಂದೆ. ತುದಿ ಪಾತ್ರೆಯ ಮೈಗೆ, ಹಿಡಿ ಕಿವಿಗೆ. ಓಡುವ ಮೋಟಾರ್‌ಗೆ ನಾವು ಮಾಡುವ ಹಾಗೆಯೇ. ಕಣ್ಣು ಮುಚ್ಚಿ ಕೇಳಿದಳು. ಕೆಂಡದ ಕಾವಿಗೆ ಕೆನ್ನೆ ಕೆಂಪಾಗಿತ್ತು.

"ಗುಳುಗುಳು ಅಂತೈತೆ. ರಸ ನೀರಾಗೈತೆ ಇನ್ನೂ."

ಆಮೇಲೆ, "ಈಗ ದಪ್ಪಗಾಯ್ತು. ಪೊಚ್... ಪೊಚ್... ಅಂತೈತೆ."

ಆಮೇಲೆ, "ತಳದಲ್ಲಿ ಚಿರ್ ಅಂತು. ಇಳಿಸ್ರೀ, ಇಳಿಸ್ರೀ!"

ಮುಚ್ಚಳ ತೆಗೆದೆವು. ಕೆಳಗೆ ಹಾಕಿದ್ದ ಹಿಟ್ಟು ತಾನೇ ಮೇಲೆದ್ದು ಹಣ್ಣನ್ನೆಲ್ಲ ಹೊದ್ದುಕೊಂಡಿತ್ತು. ಅಂಚಿನಲ್ಲಿ ಬೆಲ್ಲದ ಬಣ್ಣ. ತಳ ಸೀದಿಲ್ಲ. ಕಲಸದೆಯೇ ಒಂದು ತಿಂಡಿ ಆಗುತ್ತದೆ ಎಂದು ನಂಬಲು ಅವಳಿಗೆ ಆಗಲಿಲ್ಲ, ಸೌಟಿನಿಂದ ಕುಟ್ಟಿ ಕುಟ್ಟಿ ನೋಡಿದಳು.

ಇಪ್ಪತ್ತು ವರ್ಷದಿಂದ ಆ ಸ್ಕ್ರೂಡ್ರೈವರ್ ನನ್ನ ಕೈಯಲ್ಲಿದೆ. ಇದು ನನಗೆ ಹೊಳೆದಿರಲಿಲ್ಲ. ಎಂಥ ಹೆಂಗಸಪ್ಪಾ ಇವಳು! ಮೂಗು ಹೋಯಿತೆಂದು ಕಿವಿಯನ್ನು ಕೆಲಸಕ್ಕೆ ಕರೆದಳು.

ರುಚಿ ಹೇಳಿದ್ದು ಚಾಂದ್ ಬಿ. "ಫಸ್ಟ್ ಕ್ಲಾಸ್. ಲವಂಗ ಹಾಕು ಸ್ವಲ್ಪ." ನನ್ನನ್ನು ಯಾರೂ ಕೇಳಲಿಲ್ಲ. ತಟ್ಟೆ ಮಾತ್ರ ಕೊಟ್ಟರು.

ಜೂನ್ 6, ಶುಕ್ರವಾರ. ಸಂಜೆ.

ನಾಳೆ ಬಕ್ರೀದ್. ಉಮರ್ ಫ್ರಿಜ್ಜಿನಲ್ಲಿ ಉಳಿಸಿದ್ದ ಹಣ್ಣೆಲ್ಲ ಹಾಕಿ, ಎರಡು ಮನೆಗೂ ನೆಂಟರಿಗೂ ಆಗುವಷ್ಟು ದೊಡ್ಡ ಪಾತ್ರೆಯಲ್ಲಿ ಮಾಡಿದರು. ಸ್ಕ್ರೂಡ್ರೈವರ್ ಕಿವಿಗೆ, ಎಲ್ಲ ಮೊನ್ನೆಯ ಹಾಗೆ. "ಚಿರ್" ಅಂದಾಗ ಇಳಿಸಿದಳು.

ರುಚಿ ನೋಡುವವರು ಬೇಕು. ಅಲ್ಮಾಸ್‌ಗೆ ಅರಫಾ ದಿನದ ರೋಜಾ, ಬಕ್ರೀದ್ ಹಿಂದಿನ ದಿನದ ಉಪವಾಸ. ಚಾಂದ್ ಬಿಗೂ. ನಾಲಿಗೆ ತುದಿಗೆ ಹಚ್ಚಿ ಉಗಿಯಬಹುದು ಅಂತಾರೆ ಎಂದಳು ಅಲ್ಮಾಸ್. ಅಜ್ಜಿ ಕಣ್ಣು ಬಿಟ್ಟರು, ಮುಗಿಯಿತು. ರೋಜಾ ಬಿಡುವವರೆಗೆ ಕಾದರೆ ಕೆಂಡ ಆರುತ್ತದೆ, ತಪ್ಪಿದ್ದರೆ ತಿದ್ದಲಾಗದು.

ಮೂವರೂ ನನ್ನ ಕಡೆ ತಿರುಗಿದರು. ಗತಿಯಿಲ್ಲದೆ.

ಯಶೋಧರಾ ನಡುವಿನಿಂದ ಒಂದು ಚಮಚ ತೆಗೆದು ಕೊಟ್ಟಳು. ಭಾನುವಾರ ಸಂಘಮಿತ್ರಾ ಬರುತ್ತಾಳೆ. ಪಾತ್ರೆಗಳೆಲ್ಲ ತೊಳೆದು ಜಗಲಿಯಲ್ಲಿ ಕವುಚಿಟ್ಟಾಗಿದೆ.

ಬಾಯಿಗಿಟ್ಟೆ. ನಡುವೆ ಹಸಿ ಹಿಟ್ಟಿನ ವಾಸನೆ. ಲವಂಗ ಅತಿ, ನಾಲಿಗೆ ಮರಗಟ್ಟುವಷ್ಟು.

ಅವಳ ಮುಖ ನೋಡಿದೆ. "ಚೆನ್ನಾಗೈತೆ" ಗಂಟಲವರೆಗೂ ಬಂದಿತ್ತು. ಅಂದುಬಿಟ್ಟಿದ್ದರೆ ಅವಳು ನಂಬುತ್ತಿರಲಿಲ್ಲ, ಇನ್ನು ಯಾವತ್ತೂ ಕೇಳುತ್ತಲೂ ಇರಲಿಲ್ಲ. ಮೋಟಾರ್ ಬಿಚ್ಚಿ ನೋಡಿದವನ ಹಾಗೆ ಹೇಳಿದೆ.

"ನಡುವೆ ಬೆಂದಿಲ್ಲ. ಹಸಿ ಹಿಟ್ಟು. ಲವಂಗ ಜಾಸ್ತಿ ಆಯ್ತು. ತಳ ಸರಿ ಐತೆ."

ಚಮಚ ಯಶೋಧರಾ ಕೈಗೆ ವಾಪಸ್ ಕೊಟ್ಟೆ.

ಯಶೋಧರಾ ನಕ್ಕಳು. ಮಾರ್ಚ್‌ನಿಂದ ಕೇಳದ ನಗು! "ಅಬ್ಬಾ, ಈಗ ಬಂತು ನೋಡು ಬಾಯಿ! ಲೇ ಅಲ್ಮಾಸ್, ಮೇಲಕ್ಕೆ ಕೆಂಡ ಹಾಕೇ, ನಡುವಿಗೆ ಜಾಸ್ತಿ. ದೊಡ್ಡ ಪಾತ್ರೆ, ಅಂಚಿನ ಸದ್ದು ಕೇಳಿ ಮೋಸ ಹೋದೆ. ಲವಂಗಕ್ಕೆ ಕೆನೆ ಹಾಕಿ ತಿನ್ಲಿ ಜನ."

ಬೆಂದಿಲ್ಲ ಎಂದಿದ್ದಕ್ಕೆ ಇಷ್ಟು ಖುಷಿಪಟ್ಟ ಅಡುಗೆಯವರನ್ನು ನಾನು ನೋಡಿಲ್ಲ. ಹೆಮ್ಮೆಯಾಗುತ್ತಿದೆ. ಬರೆಯುತ್ತಲೇ ಕಣ್ಣು ಒದ್ದೆ.

ಜೂನ್ 8, ಭಾನುವಾರ

ನಿನ್ನೆ ಪಾತ್ರೆ ಖಾಲಿ. ಉಮರ್ ತಳ ಕೆರೆದು ತಿಂದ. ಲವಂಗ ಜಾಸ್ತಿ ಎಂದು ಚಾಂದ್ ಬಿಯೂ ಅಂದರು. ನನ್ನ ನಾಲಿಗೆಗೆ ಸಾಕ್ಷಿ ಸಿಕ್ಕಿತು.

ಸಂಘಮಿತ್ರಾ ಗೂಡ್ಸ್ ಆಟೋ ತಂದಿದ್ದಳು. ಅಕ್ಕ ಕಾಫಿ ಕೊಟ್ಟಳು, ಅವಳಿಗೆಂದು ಎತ್ತಿಟ್ಟಿದ್ದ ಕಾಬ್ಲರ್ ಕೊಟ್ಟಳು, ಪಾತ್ರೆಯ ಮಾತೇ ಎತ್ತಲಿಲ್ಲ. ಕೊನೆಗೆ ಅವಳೇ ಕೇಳಿದಳು. "ಒಂದು ಬಾಣಲೆ ತಗೊಂಡೋಗು, ತೂತಾಗೈತೆ" ಎಂದಳು ಇವಳು. ತಂಗಿ ಬೈದುಕೊಂಡೇ ನಗುತ್ತ ಖಾಲಿ ಆಟೋ ಹತ್ತಿದಳು.

ಜೂನ್ 19, ಗುರುವಾರ

ವಾಸನೆ ಬಂದಿಲ್ಲ. ಬರುತ್ತದೋ ಇಲ್ಲವೋ. ಅವಳು ಈಗ ಕೇಳುವುದೂ ಇಲ್ಲ.

ಅಜ್ಜಂಪುರದಿಂದ ಆರ್ಡರ್, ನಾಮಕರಣಕ್ಕೆ ರವೆ ಉಂಡೆ. ಬೆಳಗ್ಗೆಯಿಂದ ರವೆ ಹುರಿಯುತ್ತಿದ್ದಾಳೆ. ಮೊದಲ ಸುತ್ತು ಹಸಿ ಎಂದೆ, ಎರಡನೆಯದು ಸೀದಿದೆ ಎಂದೆ. ಎರಡನ್ನೂ ಮುಖ ಗಂಟಿಕ್ಕದೆ ಪಕ್ಕಕ್ಕೆ ಸರಿಸಿ ಮತ್ತೆ ಬಾಣಲೆ ಇಟ್ಟಳು. ಅಂಗಡಿಯಲ್ಲಿ ಚಿಕ್ಕಬೀರಪ್ಪನ ಮೋಟಾರ್ ಕಾಯುತ್ತಿದೆ, ಸ್ಕ್ರೂಡ್ರೈವರ್ ಮಾತ್ರ ಇವಳ ಸೌಟಿನ ಜೊತೆ ನೇತಾಡುತ್ತಿದೆ. ಕೇಳಿದರೆ, "ಅಂಗ್ಡೀಗೆ ಇನ್ನೊಂದ್ ತಗೊಳ್ಳಿ" ಎನ್ನುತ್ತಾಳೆ. ಇವತ್ತು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿರುವುದನ್ನು ನೋಡಿದರೆ...

ಕೂಗುತ್ತಿದ್ದಾಳೆ. "ರೀ, ಬರೆದಿದ್ ಸಾಕು. ಇಲ್ಲಿ ಬನ್ನಿ, ನಾಲಿಗೆ ತಗೊಂಡು..."